ಬೀಗ ಬೀಳದ ಮನೆ

ಜನವರಿ ೧೨

ಪ್ರೀತಿಯ ದೊಡ್ಡಮ್ಮನಿಗೆ ನಿಮ್ಮ ಮರಿಯ ನಮಸ್ಕಾರ.

ಫೋನ್ ಮಾಡೋಣವೆಂದರೆ ನಿಮ್ಮ ಕಿವಿ ಒಪ್ಪುವುದಿಲ್ಲ. ಕಳೆದ ಸಲ ನಾನು ಕಿರುಚಿ ಕಿರುಚಿ ಮಾತಾಡಿ ಫೋನಿಟ್ಟ ಮೇಲೆ ಪಕ್ಕದ ಮನೆಯವರು ಓಡಿ ಬಂದು, “ಯಾರ ಜೊತೆ ಜಗಳ ಆಯ್ತೇ?” ಎಂದು ಕೇಳಿದರು. ಅದಕ್ಕೇ ಕಾಗದ ಹಿಡಿದಿದ್ದೇನೆ.

ಅಜ್ಜಿ ಹೋಗಿ ಮಾರ್ಚ್ ಇಪ್ಪತ್ತಕ್ಕೆ ವರ್ಷ ತುಂಬುತ್ತದೆ. ನಿಮ್ಮ ತಮ್ಮ ಈಗಿನಿಂದಲೇ ಓಡಾಟ ಶುರು ಮಾಡಿದ್ದಾರೆ. ಆವತ್ತು ನೆಂಟರು, ಬೀದಿಯವರು, ಟೈಲರುಗಳು ಎಲ್ಲರೂ ನಮ್ಮ ಮುಂದಿನ ಕೋಣೆಯಲ್ಲಿ ಸೇರಬೇಕಂತೆ, ಅಜ್ಜಿಯ ಬಗ್ಗೆ ಒಬ್ಬೊಬ್ಬರೂ ನಾಲ್ಕು ಮಾತು ಆಡಬೇಕಂತೆ. ನಿಮಗೆ ಅಷ್ಟು ದೂರದಿಂದ ಬರಲಾಗದಿದ್ದರೆ ಬರೆದು ಕಳಿಸಬೇಕಂತೆ, ಮಾವ ಓದುತ್ತಾರೆ. ಮೂವರು ಮಕ್ಕಳಲ್ಲಿ ಹಿರಿಯಳು ನೀವು. ಕಿರಿಯವಳಾದ ನನ್ನ ಅಮ್ಮ ಅಜ್ಜಿಗಿಂತ ಎಷ್ಟೋ ಮೊದಲೇ ಹೋದಳು. ಮಾವನಿಗೆ ನೆನಪಿರುವುದೆಲ್ಲ ತಾನು ತಿಂದ ಏಟು. ಅಜ್ಜಿಯ ಹರೆಯ ಕಂಡವರು ನೀವೊಬ್ಬರೇ. ಅವಳು ನಗುತ್ತಿದ್ದಳೇ? ಎಲ್ಲಿಗಾದರೂ ಹೋಗುತ್ತಿದ್ದಳೇ? ನನಗೆ ಗೊತ್ತಿರುವ ಅಜ್ಜಿ ಹುಟ್ಟಿದ್ದೇ ಮಂಡಿನೋವಿನ ಜೊತೆಗೆ.

ಮುಂದಿನ ಕೋಣೆ ಹೇಗಿತ್ತೋ ಹಾಗೇ ಇದೆ. ಕಿಟಕಿಯ ಪಕ್ಕ ಅಜ್ಜಿಯ ಗಿಡ್ಡ ಕುರ್ಚಿ, ಅದರ ಬಲಕ್ಕೆ ದಾರ ಎಳೆಯುವ ಮೇಣದ ಉಂಡೆ, ಎಡಕ್ಕೆ ಅಂಗಡಿಗಳಿಂದ ಬಂದ ಕೋಟುಗಳ ಗಂಟು. ಎಲ್ಲ ಕಡೆಯೂ ಮೆಷಿನ್ ಕಾಜಾ ಬಂದಿದ್ದರೂ, ಒಳ್ಳೆ ಕೋಟಿಗೆ ಗುಂಡಿ ತೂರುವ ತೂತನ್ನು ಕೈಯಲ್ಲೇ ಹೊಲಿಯಬೇಕೆನ್ನುವ ಗಿರಾಕಿಗಳು ಇನ್ನೂ ಇದ್ದಾರೆ. ಆ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ಬಂದವರೆಲ್ಲ, “ಥೇಟ್ ಅಜ್ಜಿ ಕೂತ ಹಾಗೇ ಇದೆ ಕಣೇ!” ಎನ್ನುತ್ತಾರೆ. ಮೂವತ್ತಾರರವಳನ್ನು ತೊಂಬತ್ತೆರಡರವಳ ಹಾಗಿದ್ದೀಯ ಎಂದರೆ ಅದು ಹೊಗಳಿಕೆಯೇ ಎಂದು ಕೇಳಬೇಕೆನಿಸುತ್ತದೆ. ಕೇಳುವುದಿಲ್ಲ.

ಮಾವ ದಿನವೂ ಬಂದು ಬಾಗಿಲ ಚೌಕಟ್ಟು ಸವರಿ, “ಈ ಮನೆಗೆ ಒಂದು ದಿನ ಬೀಗ ಬಿದ್ದಿಲ್ಲ. ನಮ್ಮಮ್ಮ ಬೀಳೋಕೆ ಬಿಟ್ಟಿಲ್ಲ” ಎಂದು ಹೇಳಿ ಹೋಗುತ್ತಾರೆ. ಮದುವೆಯೇ ಇರಲಿ, ಸಾವೇ ಇರಲಿ, ಒಬ್ಬರು ಮನೆಯಲ್ಲಿ ಉಳಿಯಲೇಬೇಕು ಎಂಬುದು ನಮ್ಮ ಮನೆಯ ಕಟ್ಟಳೆಯಲ್ಲವೇ? ಈಗ ಆ ಒಬ್ಬರು ಯಾವಾಗಲೂ ನಾನೇ. ಮಾವನ ಮನೆ ಎರಡು ಬೀದಿ ಆಚೆಗಿದೆ, ಅದಕ್ಕೆ ಮೂರು ಬೀಗ.

ಇತ್ತೀಚೆಗೆ ಮಧ್ಯಾಹ್ನದ ಹೊತ್ತು ಉಸಿರು ಕಟ್ಟಿದ ಹಾಗಾಗುತ್ತದೆ. ಬೇರೇನೂ ಇಲ್ಲ. ಬೇಗ ಬರೆಯಿರಿ.

ನಿಮ್ಮ
ಮರಿ


ಜನವರಿ ೨೮

ಮುದ್ದು ಮರಿ,

ನಿನ್ನ ಕಾಗದ ಬಂದ ದಿನ ನನಗೆ ಊಟವೇ ಬೇಡವಾಯಿತು, ಅಷ್ಟು ಸಂತೋಷ. ಉಸಿರು ಕಟ್ಟುವುದು ದುಃಖದಿಂದ ಕಣೇ. ಒಳಗೇ ಇಟ್ಟುಕೊಂಡರೆ ಹಾಗೇ ಆಗುವುದು. ಚೆನ್ನಾಗಿ ಅತ್ತುಬಿಡು. ಮಲಗುವ ಮುಂಚೆ ಬಿಸಿನೀರಿನ ಹಬೆಯನ್ನೂ ತೆಗೆದುಕೋ.

ನನ್ನ ಬಗ್ಗೆ ಯೋಚನೆ ಬೇಡ. ಮಗ ಸೊಸೆ ಇಬ್ಬರೂ ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಂಡಿದ್ದಾರೆ. ಬೆಳಗ್ಗೆ ಅವರು ಕೆಲಸಕ್ಕೆ ಹೊರಟರೆ ಸಂಜೆಗೇ ಬರುವುದು. ಅಲ್ಲಿಯವರೆಗೆ ಈ ಒಂಬತ್ತನೆಯ ಮಹಡಿಗೆ ನಾನೇ ರಾಣಿ. ಒಂದು ಕಡ್ಡಿ ಎತ್ತಿ ಆಚೆ ಇಡುವಂತಿಲ್ಲ. ಹೊರಗೆ ಹೋಗುವ ಕೆಲಸವೇ ಇಲ್ಲ ಅಂದಮೇಲೆ ನೋಡು. ಬಾಲ್ಕನಿಯಿಂದ ಕೆಳಗಿನ ಬಸ್‌ಸ್ಟಾಪು ಕಾಣುತ್ತದೆ. ಯಾವ ಬಸ್ಸು ಯಾವಾಗ ಬರುತ್ತದೆ ಅಂತ ಡ್ರೈವರಿಗಿಂತ ನನಗೆ ಚೆನ್ನಾಗಿ ಗೊತ್ತು.

ಮುಂದಿನದನ್ನು ನಿನ್ನ ಮಾವ ಓದಲಿ. ಗಂಟಲು ಸರಿಮಾಡಿಕೊಂಡು ನಿಧಾನವಾಗಿ ಓದಲು ಹೇಳು, ಅವನು ಓದುವುದು ಸಂತೆಯಲ್ಲಿ ಹರಾಜು ಕೂಗಿದ ಹಾಗಿರುತ್ತದೆ.

“ನಮ್ಮಮ್ಮನಿಗೆ ಶಾಲೆ ಗೊತ್ತಿರಲಿಲ್ಲ, ಆದರೆ ಈ ಊರಿನ ಗಂಡಸರ ಎದೆ ಅವಳಿಗೆ ಗೊತ್ತಿತ್ತು. ಬೀದಿಯಲ್ಲಿ ಯಾರೋ ದೊಡ್ಡ ಮನುಷ್ಯ ಕೋಟು ಹಾಕಿಕೊಂಡು ಹೋದರೆ, ‘ಮೇಲಿನ ಮೂರು ಕಾಜಾ ನಂದು. ಕೆಳಗಿಂದು ಯಾವನೋ ಕುಡಿದು ಹಾಕಿದ್ದಾನೆ’ ಎನ್ನುತ್ತಿದ್ದಳು. ಜಗಳವಾಡುವಾಗಲೂ ಬಾಯಿಂದ ಸೂಜಿ ತೆಗೆಯುತ್ತಿರಲಿಲ್ಲ. ಎದುರಿನವರಿಗೆ ಅರ್ಧ ಮಾತೂ ಅರ್ಥವಾಗದೆ, ಉತ್ತರ ಕೊಡಲು ದಾರಿಯಿಲ್ಲದೆ, ಅವರೇ ಸೋತು ಹೋಗುತ್ತಿದ್ದರು. ಅಪ್ಪ ಹೋದಾಗ ತಂಗಿ ಇನ್ನೂ ಮೊಲೆ ಕುಡಿಯುವ ಕೂಸು. ಮೂವರನ್ನೂ ಅದೇ ಸೂಜಿಯಿಂದ ಸಾಕಿದಳು. ನಮಗೆ ಅಂಗಿ ಹರಿದರೆ ಬೈಯುತ್ತಿರಲಿಲ್ಲ, ಗುಂಡಿ ಕಳೆದರೆ ಬೈಯುತ್ತಿದ್ದಳು. ಎಂಬತ್ತು ದಾಟಿದ ಮೇಲೆ ಮೊಮ್ಮಗಳು ಸೂಜಿ ಪೋಣಿಸಿಕೊಟ್ಟರೆ, ‘ನನಗೆ ಕಣ್ಣಿಲ್ಲ ಅಂದ್ಕೊಂಡ್ಯಾ?’ ಎಂದು ಅದನ್ನು ಬಿಚ್ಚಿ ತಾನೇ ಪೋಣಿಸುತ್ತಿದ್ದಳು. ನಮ್ಮ ಮನೆಗೆ ಎಂದೂ ಬೀಗ ಬೀಳಲಿಲ್ಲ. ಯಾರು ಯಾವ ಹೊತ್ತಿಗೆ ಬಂದರೂ ಅಮ್ಮ ಇರುತ್ತಿದ್ದಳು. ಅವಳು ಸುಮ್ಮನೆ ಹೊಸ್ತಿಲು ದಾಟಿ ಹೋದದ್ದನ್ನು ಕಂಡವರಿಲ್ಲ.”

ಇಷ್ಟು ಸಾಕು. ಇನ್ನೂ ಬರೆದರೆ ನನಗೇ ತಡೆಯಲಾಗುವುದಿಲ್ಲ.

ಹಿಂದಿನ ಚಿಕ್ಕ ಕೋಣೆಯ ಕಿಟಕಿ ತೆರೆದು ಗಾಳಿಯಾಡಿಸುತ್ತಿದ್ದೀಯಾ? ಆ ಮಂಚದ ಮೇಲೆ ಸಾಮಾನು ಹೇರಬೇಡ. ಸುಮ್ಮನೆ ಹೇಳಿದೆ. ನೀನು ಆ ಕುರ್ಚಿಯಲ್ಲಿ ಕೂತಿದ್ದೀಯ ಅಂದರೆ ನನಗೆ ಇಲ್ಲಿ ಹೊಟ್ಟೆ ತಣ್ಣಗಿರುತ್ತದೆ. ಬಾಗಿಲಿಗೆ ಮಾತ್ರ ಬೀಗ ಬೀಳಬಾರದು, ತಿಳಿಯಿತೇ?

ನಿನ್ನ
ದೊಡ್ಡಮ್ಮ


ಫೆಬ್ರವರಿ ೧೪

ಪ್ರೀತಿಯ ದೊಡ್ಡಮ್ಮನಿಗೆ,

ನಿಮ್ಮ ಮಾತುಗಳನ್ನು ಮಾವ ಈಗಲೇ ನಾಲ್ಕು ಸಲ ಓದಿ ಅಭ್ಯಾಸ ಮಾಡಿದ್ದಾರೆ. “ಹೊಸ್ತಿಲು ದಾಟಿ ಹೋದದ್ದನ್ನು ಕಂಡವರಿಲ್ಲ” ಎಂಬಲ್ಲಿಗೆ ಬಂದಾಗ ಪ್ರತಿ ಸಲವೂ ಅತ್ತಿದ್ದಾರೆ. ನನಗೆ ಮಾತ್ರ ಅಲ್ಲಿ ಅಳು ಬರಲಿಲ್ಲ. ಹೆದರಿಕೆಯಾಯಿತು. ಮುಂದೆ ನನ್ನ ಬಗ್ಗೆಯೂ ಯಾರೋ ಹೀಗೇ ಓದಿ ಅಳುತ್ತಾರೆ ಅನ್ನಿಸಿತು.

ಹಬೆ ತೆಗೆದುಕೊಂಡೆ. ದುಃಖ ಅಲ್ಲ ದೊಡ್ಡಮ್ಮ, ಇದು ಬೇರೆ.

ಕಳೆದ ವಾರ ನನಗೆ ದವಡೆ ಹಲ್ಲು ನೋವು. ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಹಲ್ಲಿನ ಡಾಕ್ಟರ ಹತ್ತಿರ ಹೋಗಲು ಯಾರಾದರೂ ಒಂದು ಗಳಿಗೆ ಬಂದು ಮನೆಯಲ್ಲಿ ಕೂರಬೇಕಲ್ಲ? ಅತ್ತೆಗೆ ಬಿಡುವಿಲ್ಲ. ಮಾವನಿಗೆ ಅದೇ ದಿನ ಯಾವುದೋ ಮೀಟಿಂಗು. “ನಾಳೆ ಬರ್ತೀನಿ ಕಣಮ್ಮಾ, ಒಂದು ಲವಂಗ ಕಚ್ಕೊಂಡಿರು” ಎಂದರು. ಆ ನಾಳೆ ಬರುವ ಹೊತ್ತಿಗೆ ಹಲ್ಲು ಉಳಿಸುವಂತಿರಲಿಲ್ಲ, ಕೀಳಿಸಿಕೊಂಡು ಬಂದೆ. ಮನೆಗೆ ಬಂದರೆ ಮಾವ ಅಜ್ಜಿಯ ಕುರ್ಚಿಯಲ್ಲಿ ಕೂತು ಗೊರಕೆ ಹೊಡೆಯುತ್ತಿದ್ದರು. ಬಾಗಿಲು ಹಾರು ಹೊಡೆದಿತ್ತು.

ಈಗ ನಿಜ ವಿಷಯಕ್ಕೆ ಬರುತ್ತೇನೆ. ಇದನ್ನು ಮೊದಲ ಕಾಗದದಲ್ಲೇ ಬರೆಯಬೇಕೆಂದಿದ್ದೆ, ಕೈ ಬರಲಿಲ್ಲ. ಮೂಲೆ ಅಂಗಡಿಯ ಟೈಲರ್ ಮಾಸ್ತರು ನನಗೆ ಕತ್ತರಿ ಕೆಲಸ ಕಲಿಸಿದ್ದು ನಿಮಗೆ ಗೊತ್ತಲ್ಲ. ದೂರದ ಒಂದು ಊರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಶಾಲೆಯಿದೆ. ಅಲ್ಲಿ ಕಟಿಂಗ್ ಹೇಳಿಕೊಡಲು ಒಬ್ಬರು ಬೇಕಂತೆ. ಮಾಸ್ತರು ನನ್ನ ಹೆಸರು ಹೇಳಿದರು. ನಾನು ಕತ್ತರಿಸಿದ ಒಂದು ಕೋಟನ್ನು ಕಳಿಸಿದೆ, ಅವರು ಒಪ್ಪಿದ್ದಾರೆ. ಏಪ್ರಿಲ್ ಒಂದಕ್ಕೆ ಸೇರಬೇಕು. ಇರಲು ಅಲ್ಲೇ ಒಂದು ಕೋಣೆ. ಉದ್ದನೆಯ ಮೇಜು, ಎರಡೂ ಕಡೆ ದೊಡ್ಡ ಕಿಟಕಿ, ಮೂವತ್ತು ಜನ ಹುಡುಗಿಯರು ಎಂದು ಮಾಸ್ತರು ಹೇಳಿದಾಗಿನಿಂದ ನನಗೆ ಕನಸಿನಲ್ಲೂ ಅದೇ. ನಾನು ಹೋಗಬೇಕು ದೊಡ್ಡಮ್ಮ. ಇಷ್ಟು ದಿನ ಏನನ್ನೂ ಇಷ್ಟು ಆಸೆ ಪಟ್ಟವಳಲ್ಲ.

ಮಾವನಿಗೆ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ನಿನ್ನಿಷ್ಟಮ್ಮ. ನೀನು ಹೋದ್ರೆ ಬೀಗ ಹಾಕ್ಬೇಕು ಅಷ್ಟೇ. ನಿಮ್ಮ ದೊಡ್ಡಮ್ಮನ್ನ ಒಂದ್ಮಾತು ಕೇಳು” ಎಂದು ಎದ್ದು ಹೋದರು. ಬಿಸಿ ತುಪ್ಪ ಬಾಯಲ್ಲಿ ಇಟ್ಟ ಹಾಗಿದೆ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಇನ್ನೊಂದು ವಿಚಿತ್ರ. ಬೀಗವನ್ನಾದರೂ ಎಲ್ಲಿ ಹಾಕುವುದು ಎಂದು ನೋಡಿದರೆ ನಮ್ಮ ಬಾಗಿಲಿಗೆ ಹೊರಗಡೆ ಚಿಲಕವೇ ಇಲ್ಲ! ಹುಟ್ಟಿದಾಗಿನಿಂದ ಈ ಮನೆಯಲ್ಲಿದ್ದೇನೆ, ಗಮನಿಸಿಯೇ ಇರಲಿಲ್ಲ. ಬಡಗಿಯನ್ನು ಕರೆಸಿದೆ. ಅವನು ಉಗುರಿನಿಂದ ಕೆರೆದು, ಬಣ್ಣದ ಕೆಳಗೆ ಮೇಣ ತುಂಬಿ ಮುಚ್ಚಿದ್ದ ತೂತುಗಳನ್ನು ತೋರಿಸಿದ. “ಇಲ್ಲಿ ಗಟ್ಟಿ ಚಿಲಕ ಇತ್ತಮ್ಮ. ಬಿಚ್ಚಿ ತೆಗೆದಿಲ್ಲ, ಕಿತ್ತಿದ್ದಾರೆ. ಮರ ಸೀಳಿದೆ ನೋಡಿ” ಎಂದ. ಯಾರು ಕಿತ್ತರು? ಯಾಕೆ? ನೀವು ಹಿರಿಯರು, ನಿಮಗೆ ಗೊತ್ತಿರಬೇಕು.

ನೀವು ಒಂದು ಮಾತು ‘ಹೋಗು’ ಎಂದರೆ ಸಾಕು, ಮಾವ ಏನೂ ಅನ್ನುವುದಿಲ್ಲ. ಕಾಯುತ್ತಿರುತ್ತೇನೆ.

ಮರಿ


ಮಾರ್ಚ್ ೨

ಮರಿ,

ನಿನ್ನ ಕಾಗದ ಓದಿದೆ.

ನಿನ್ನ ತಾಯಿ ಸತ್ತಾಗ ನೀನು ಇಷ್ಟುದ್ದ ಇದ್ದೆ. ಅರವತ್ತು ದಾಟಿದ ಮುದುಕಿ ನಿನ್ನನ್ನು ಮಡಿಲಲ್ಲಿ ಹಾಕಿಕೊಂಡು ಕಾಜಾ ಹೊಲಿದಳು. ಅವಳು ಹೋಗಿ ವರ್ಷ ತುಂಬುವ ಮುಂಚೆಯೇ ನಿನಗೆ ದೊಡ್ಡ ಕಿಟಕಿ ಬೇಕಾಯಿತೇ? ನಮ್ಮ ಮನೆಯ ಕಿಟಕಿಗೇನಾಗಿದೆ? ಮಾಸ್ತರಿಗೇನು, ಹೇಳುತ್ತಾನೆ. ಊರಿಗೆ ಉಪಕಾರಿ, ಮನೆಗೆ ಮಾರಿ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಜನ, ನಾಳೆ ಮೈಗೆ ಹುಷಾರಿಲ್ಲದಿದ್ದರೆ ಒಂದು ಲೋಟ ನೀರು ಕೊಡುವವರು ಯಾರು?

ಹಳೇ ಮನೆ ಅಂದಮೇಲೆ ನೂರು ತೂತಿರುತ್ತವೆ. ಬಡಗಿಗೆ ಕೆಲಸ ಬೇಕು, ಕತೆ ಕಟ್ಟಿದ್ದಾನೆ. ನನಗೇನೂ ಗೊತ್ತಿಲ್ಲ. ಆ ತೂತು ಕೆರೆಯುತ್ತಾ ಕೂರಬೇಡ. ಚಿಲಕ ಗಿಲಕ ಏನೂ ಹಾಕಿಸಬೇಡ.

ಆ ಮನೆಗೆ ಬೀಗ ಬಿದ್ದರೆ ನಾನು ಎಲ್ಲಿಗೆ ಬರಲಿ? ಅಂದರೆ, ಬರಬೇಕು ಅನ್ನಿಸಿದಾಗ ಅಂತ. ನಿನಗೆ ಇದೆಲ್ಲ ಅರ್ಥವಾಗುವ ವಯಸ್ಸಲ್ಲ.

ಉಳಿಯುತ್ತೇನೆ ಅಂತ ಒಂದು ಸಾಲು ಬರೆದು ಹಾಕು, ನನಗೆ ಸಮಾಧಾನ. ನನ್ನ ಮುಂದಿನ ಕಾಗದ ತಡವಾದರೆ ಗಾಬರಿಯಾಗಬೇಡ. ಕಸ ಗುಡಿಸುವವಳು ಮಗಳ ಬಾಣಂತನಕ್ಕೆ ಹೋಗುತ್ತಾಳಂತೆ.

ದೊಡ್ಡಮ್ಮ


ಮಾರ್ಚ್ ೯

ದೊಡ್ಡಮ್ಮನವರಿಗೆ,

ಉಳಿಯುತ್ತೇನೆ.

ಮಾವನನ್ನು ಒಂದು ಗಳಿಗೆ ಮನೆಯಲ್ಲಿ ಕೂರಿಸಿ, ಮಾಸ್ತರಿಗೆ ಆಗುವುದಿಲ್ಲವೆಂದು ಹೇಳಿಬಂದೆ. ಅವರು ಟೇಪನ್ನು ಕೊರಳಿಂದ ತೆಗೆದು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. “ಸರಿ” ಎಂದರು. ಬಡಗಿಗೂ ಬರಬೇಡವೆಂದು ಹೇಳಿದ್ದೇನೆ. ಮಾವ ನಿನ್ನೆ ಹಣ್ಣು ತಂದುಕೊಟ್ಟರು. ಹಿಂದಿನ ಕೋಣೆಯ ಕಿಟಕಿ ತೆರೆದಿದೆ, ಮಂಚದ ಮೇಲೆ ಸಾಮಾನಿಲ್ಲ.

ಒಂದು ಮಾತು ಅರ್ಥವಾಗಲಿಲ್ಲ. ಕಸ ಗುಡಿಸುವವಳು ರಜೆ ಹಾಕಿದರೆ ನಿಮ್ಮ ಕಾಗದ ಯಾಕೆ ತಡವಾಗಬೇಕು? ಅಂಚೆಪೆಟ್ಟಿಗೆ ನಿಮ್ಮ ಕಟ್ಟಡದ ಕೆಳಗೇ ಇದೆಯೆಂದು ಹಿಂದೊಮ್ಮೆ ಬರೆದಿದ್ದಿರಿ.

ಇಂತಿ,
ಮರಿ


ಮಾರ್ಚ್ ೨೧

ದೊಡ್ಡಮ್ಮನವರಿಗೆ,

ನಿಮ್ಮಿಂದ ಕಾಗದವಿಲ್ಲ. ನಿನ್ನೆ ನಡೆದದ್ದನ್ನು ತಿಳಿಸಬೇಕಾದದ್ದು ನನ್ನ ಕೆಲಸ, ಅದಕ್ಕೆ ಬರೆಯುತ್ತಿದ್ದೇನೆ.

ಜನ ಚೆನ್ನಾಗಿ ಸೇರಿದ್ದರು. ಕೂರಲು ಜಾಗವಿಲ್ಲದೆ ಹುಡುಗರು ಕಿಟಕಿಯ ಕಂಬಿ ಹಿಡಿದು ನಿಂತಿದ್ದರು. ಅಜ್ಜಿಯ ಫೋಟೋವನ್ನು ಮಾವ ದೊಡ್ಡದು ಮಾಡಿಸಿ ತಂದಿದ್ದರು. ಎಷ್ಟು ದೊಡ್ಡದೆಂದರೆ ಅದರಲ್ಲಿ ಅಜ್ಜಿಗಿಂತ ಅಜ್ಜಿಯ ಮೂಗೇ ಕಾಣುತ್ತಿತ್ತು. ಒಬ್ಬ ಮುದುಕ ಟೈಲರು ತನ್ನ ಮದುವೆಯ ಕೋಟು ಹಾಕಿಕೊಂಡು ಬಂದು, ಗುಂಡಿ ಬಿಚ್ಚಿ ಹಾಕಿ ಬಿಚ್ಚಿ ಹಾಕಿ, “ನೋಡಿ, ಇನ್ನೂ ಹೇಗಿದೆ!” ಎಂದು ಎಲ್ಲರಿಗೂ ತೋರಿಸಿದ. ಅದೊಂದೇ ಹೊತ್ತು ನಾನು ಮನಸಾರೆ ಅತ್ತದ್ದು.

ಆಮೇಲೆ ಮಾವ ನಿಮ್ಮ ಮಾತು ಓದಿದರು. ನಿಧಾನವಾಗಿಯೇ ಓದಿದರು. ಕೊನೆಯ ಸಾಲು ಮುಗಿದ ಮೇಲೆ ಕಣ್ಣೊರೆಸಿಕೊಂಡು, ನನ್ನ ಭುಜದ ಮೇಲೆ ಕೈ ಇಟ್ಟು, “ಈ ಹುಡುಗಿಗೆ ದೊಡ್ಡ ಊರಿಂದ ಕೆಲಸ ಬಂದಿತ್ತು. ಬೇಡ ಅಂದ್ಲು. ಅಜ್ಜಿ ಮನೆಗೆ ಬೀಗ ಬೀಳಬಾರದು ಅಂತ. ಇನ್ಮೇಲೆ ಈ ಮನೆ ಇವಳದ್ದು, ಇವಳು ಈ ಮನೆಯವಳು” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಗಸರು ಬಂದು ಕೆನ್ನೆ ಹಿಂಡಿದರು. ನಾನು ನಕ್ಕೆ. ಮಾಸ್ತರು ಬಾಗಿಲ ಹತ್ತಿರ ನಿಂತಿದ್ದವರು ಚಪ್ಪಾಳೆ ತಟ್ಟದೆ ಹೊರಟುಹೋದರು.

ಈಗ ಮನೆ ಖಾಲಿಯಾಗಿದೆ. ಫೋಟೋ ಎದುರಿಗಿದೆ. ಬಾಗಿಲು ತೆರೆದೇ ಇದೆ, ಆದರೂ ಗಾಳಿ ಬರುತ್ತಿಲ್ಲ. ನಿಮ್ಮ ಮೇಲೆ ನನಗೆ ಕೋಪವಿದೆ ದೊಡ್ಡಮ್ಮ. ಬರೆಯಬಾರದಿತ್ತು, ಬರೆದೆ.

ಮರಿ


ಮಾರ್ಚ್ ೨೪

ನನ್ನ ಕಂದ,

ಕಸ ಗುಡಿಸುವವಳು ಯಾಕೆ ಎಂದು ಕೇಳಿದ್ದೀಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನೇ ಬರೆದು ನಾನೇ ಸಿಕ್ಕಿಬಿದ್ದೆ.

ಅವಳು ಯಾಕೆಂದರೆ, ನನ್ನ ಕಾಗದ ತೆಗೆದುಕೊಂಡು ಹೋಗಿ ಡಬ್ಬಕ್ಕೆ ಹಾಕುವವಳು ಅವಳೇ. ನನಗೆ ಕೆಳಗೆ ಹೋಗಲಾಗುವುದಿಲ್ಲ. ಬೆಳಗ್ಗೆ ಅವಳು ಕೆಲಸ ಮುಗಿಸಿ ಹೋದಮೇಲೆ ಮಗ ಸೊಸೆ ಹೊರಗಿನಿಂದ ಬೀಗ ಹಾಕಿಕೊಂಡು ಹೊರಡುತ್ತಾರೆ.

ಮಗನನ್ನು ಬೈಯಬೇಡ. ಹೋದ ವರ್ಷ ತರಕಾರಿ ತರಲು ಇಳಿದವಳಿಗೆ ಯಾವ ಕಟ್ಟಡ ನಮ್ಮದೆಂದು ತಿಳಿಯದೇ ಹೋಯಿತು. ಎಲ್ಲ ಒಂದೇ ಥರ ಕಟ್ಟಿದ್ದಾರೆ, ಹಾಳಾದವರು. ಕತ್ತಲಾದ ಮೇಲೆ ಪೊಲೀಸಿನವರು ಕರೆತಂದರು. ಮಗ ನನ್ನ ಕಾಲು ಹಿಡಿದುಕೊಂಡು ಚಿಕ್ಕ ಹುಡುಗನ ಹಾಗೆ ಅತ್ತ. ಮಾರನೆಯ ದಿನ ಬೀಗ ತಂದ. ಪ್ರೀತಿಯಿಂದಲೇ ತಂದ. ಬೀಗದೊಳಗಿರುವವರಿಗೆ ಅದು ಪ್ರೀತಿಯ ಬೀಗವೋ ಇನ್ನೊಂದೋ, ವ್ಯತ್ಯಾಸ ತಿಳಿಯುವುದಿಲ್ಲ ಮರಿ. ಬಸ್ಸುಗಳನ್ನು ನೋಡುತ್ತಾ ಕೂರುತ್ತೇನೆ.

ಇನ್ನು ಆ ತೂತುಗಳ ವಿಷಯ. ನನಗೆ ಗೊತ್ತಿದೆ. ಅವುಗಳಲ್ಲಿ ಮೇಣ ತುಂಬುವಾಗ ಉಂಡೆ ಹಿಡಿದು ನಿಂತವಳೇ ನಾನು.

ಅಪ್ಪ ಮಿಲ್ಲಿನ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತಿದ್ದ. ಹೆಂಡತಿ ಚಿಕ್ಕವಳು, ಚೆಲುವೆ, ಬೀದಿಯ ತುಂಬ ಟೈಲರುಗಳು. ಇನ್ನೇನು ಕಾರಣ ಬೇಕು? ಅಮ್ಮ ಕಿಟಕಿಯಿಂದಲೇ ಗಂಟು ತೆಗೆದುಕೊಂಡು ಕಿಟಕಿಯಿಂದಲೇ ಕೊಡುತ್ತಿದ್ದಳು. ನನಗೆ ಆರು ವರ್ಷ. ನಾನೂ ಅವಳ ಜೊತೆ ಒಳಗೆ. ನಿನ್ನ ಮಾವ ಆಗ ಅಂಬೆಗಾಲಿನ ಕೂಸು. ಒಂದು ದಿನ ಅವನು ಗುಂಡಿ ನುಂಗಿಬಿಟ್ಟ. ಗಂಟಲಲ್ಲಿ ಸಿಕ್ಕಿ ಮುಖ ನೀಲಿಯಾಯಿತು. ಅಮ್ಮ ಬಾಗಿಲು ಗುದ್ದಿದಳು, ಕೂಗಿದಳು. ಬೀದಿಯವರು ಸೇರಿದರು, ಬೀಗ ಒಡೆಯಲು ಯಾರಿಗೂ ಧೈರ್ಯವಿಲ್ಲ, ಅಪ್ಪನ ಕೋಪ ಎಲ್ಲರಿಗೂ ಗೊತ್ತು. ಕೊನೆಗೆ ಅಮ್ಮನೇ ಅವನನ್ನು ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ಬಡಿದಳು. ಗುಂಡಿ ಹೊರಗೆ ಬಿತ್ತು. ಅಷ್ಟು ಹೊತ್ತೂ ಬಾಗಿಲ ಆಚೆ ಜನ ನಿಂತಿದ್ದರು ಕಣೇ, ಈಚೆ ನಾವು. ಆ ಬಾಗಿಲು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮಾರನೆಯ ಬೆಳಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಅಮ್ಮ ಪಕ್ಕದ ಮನೆಯಿಂದ ಹಾರೆ ತಂದಳು. ಚಿಲಕವನ್ನು ಮರದ ಸಮೇತ ಕಿತ್ತು ಬಾವಿಗೆ ಎಸೆದಳು. ಅಪ್ಪ ತಲೆ ಒರೆಸಿಕೊಳ್ಳುತ್ತಾ ಬಂದರೆ ಇವಳು ಹೊಸ್ತಿಲ ಮೇಲೆ ಕೂತು ಕಾಜಾ ಹೊಲಿಯುತ್ತಿದ್ದಾಳೆ, ಪಕ್ಕದಲ್ಲಿ ಹಾರೆ. “ಇನ್ಮೇಲೆ ಈ ಬಾಗ್ಲಿಗೆ ಬೀಗ ಇಲ್ಲ” ಎಂದಳು, ಅಷ್ಟೇ. ಬಾಯಲ್ಲಿ ಸೂಜಿ ಇರಲಿಲ್ಲ, ಸ್ಪಷ್ಟವಾಗಿ ಕೇಳಿಸಿತು.

ಅಪ್ಪ ಎಷ್ಟೋ ದಿನ ಮಾತು ಬಿಟ್ಟ. ಆದರೆ ಊರಿಗೆ ಏನಾದರೂ ಹೇಳಬೇಕಲ್ಲ? ಬಿದ್ದರೂ ಮೀಸೆ ಮಣ್ಣಾಗಬಾರದು. “ನಮ್ಮನೇಗೆ ಬೀಗ ಯಾಕೆ? ನನ್ನ ಹೆಂಡ್ತಿ ಯಾವಾಗ್ಲೂ ಮನೇಲೇ ಇರ್ತಾಳೆ” ಎಂದು ಹೇಳಲು ಶುರುಮಾಡಿದ. ಅಮ್ಮ ನಕ್ಕು, “ಹೇಳ್ಕೊಳ್ಳಲಿ ಬಿಡು” ಎಂದಳು. ಅವನು ಅತ್ತ ಮಿಲ್ಲಿಗೆ ಹೋದರೆ ಇತ್ತ ನಾವು ಬಾಗಿಲು ಎಳೆದುಕೊಂಡು ಹೊರಟೆವು. ಕೂಸು ಸೊಂಟದಲ್ಲಿ, ನಾನು ಸೆರಗು ಹಿಡಿದು. ನದಿ ಹತ್ತಿರ ಹೋಗುತ್ತಿದ್ದೆವು, ಮ್ಯಾಟಿನಿ ನೋಡುತ್ತಿದ್ದೆವು, ಸ್ಟೇಷನ್ನಿನಲ್ಲಿ ಸುಮ್ಮನೆ ಬೆಂಚಿನ ಮೇಲೆ ಕೂತು ರೈಲು ಎಣಿಸಿ ಬರುತ್ತಿದ್ದೆವು. ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ ಮರಿ. ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ನಿನ್ನ ಅಜ್ಜಿ ತಿರುಗಾಲ ತಿಪ್ಪಿ!

ಆಮೇಲೆ ಅಪ್ಪ ಸತ್ತ. ಸತ್ತವನ ಮಾತು ಮನೆಯಲ್ಲಿ ಉಳಿಯಿತು. ಅಮ್ಮನಿಗೆ ಮಂಡಿ ಹಿಡಿಯಿತು, ನಿಜವಾಗಿಯೂ ಮನೆಯಲ್ಲೇ ಉಳಿದಳು. ನಿನ್ನ ಮಾವ ಆ ಜಂಬದ ಮಾತನ್ನು ನಂಬಿಕೊಂಡೇ ಬೆಳೆದ. ಯಾರೂ ಹೊರಗೆ ಹೋಗಬಾರದೆಂದು ಅವಳು ಚಿಲಕ ಕೀಳಲಿಲ್ಲ. ನಾವೆಲ್ಲ ಸೇರಿ ಅದನ್ನೇ ತಿರುಚಿ ನಿನ್ನ ಕಾಲಿಗೆ ಕಟ್ಟಿದೆವು.

ನಾನು ಯಾಕೆ ಸುಳ್ಳು ಬರೆದೆ ಎಂದು ಕೇಳಬೇಡ. ನನಗೆ ಗೊತ್ತಿರುವ ಹಾಗೆ ಭೂಮಿಯ ಮೇಲೆ ಬೀಗ ಹಾಕಲಾಗದ ಬಾಗಿಲು ಅದೊಂದೇ. ಅಲ್ಲಿ ನೀನು ಕೂತಿದ್ದರೆ ಎಂದಾದರೂ ಬರಬಹುದು ಅಂತ ಆಸೆ. ಬರುವುದು ಹೇಗೆ? ಬೀಗದ ಕೈ ಮಗನ ಜೇಬಿನಲ್ಲಿದೆ.

ನೀನು ಹೋಗು. ಬಾಗಿಲು ಎಳೆದುಕೊಂಡು ಹೋಗು. ಅಷ್ಟು ಸಾಕು. ಒಂದನೇ ತಾರೀಖಿನೊಳಗೆ ಇದು ನಿನಗೆ ಮುಟ್ಟದಿದ್ದರೆ ಏನು ಮಾಡುವುದೋ ತಿಳಿಯದು. ಕಸದವಳು ನಾಳೆ ಬರುತ್ತಾಳಂತೆ.

ದೊಡ್ಡಮ್ಮ


ಏಪ್ರಿಲ್ ೧೦
ನಿಮ್ಮ ಬಾಗಿಲ ಹೊರಗಿನಿಂದ

ದೊಡ್ಡಮ್ಮ,

ಗಾಬರಿಯಾಗಬೇಡಿ, ನಾನೇ. ಬೆಲ್ ಒತ್ತಿದೆ, ಬಡಿದೆ, ಕೂಗಿದೆ. ನಿಮಗೆ ಕೇಳಿಸಲಿಲ್ಲ. ಎದುರು ಮನೆಯವರು ಬಾಗಿಲು ತೆರೆದು, “ಅವ್ರಿಗೆ ಕಿವಿ ಕೇಳ್ಸಲ್ಲಮ್ಮ” ಎಂದು ನನಗೇ ಹೇಳಿದರು. ಅದಕ್ಕೆ ಮೆಟ್ಟಿಲ ಮೇಲೆ ಕೂತು ಇದನ್ನು ಬರೆದು ಬಾಗಿಲ ಕೆಳಗಿನಿಂದ ತಳ್ಳುತ್ತಿದ್ದೇನೆ. ನೀವು ಈ ಕಡೆ ಬಂದಾಗ ಕಣ್ಣಿಗೆ ಬೀಳಬೇಕು.

ನಿಮ್ಮ ಕಾಗದ ಮುಟ್ಟಿದ್ದು ಎರಡನೇ ತಾರೀಖು. ಓದಿ ನೇರ ಮಾಸ್ತರ ಅಂಗಡಿಗೆ ಓಡಿದೆ. ಬಾಗಿಲು ಎಳೆದುಕೊಂಡು! ಬೀದಿಯವರೆಲ್ಲ ಬಾಯಿ ಬಿಟ್ಟು ನೋಡಿದರು. ಮಾಸ್ತರು ನನ್ನ ಬೇಡ ಎಂಬ ಮಾತನ್ನು ಶಾಲೆಗೆ ತಿಳಿಸಿಯೇ ಇರಲಿಲ್ಲ. “ನಿಂಗೆ ಜ್ವರ ಅಂತ ಬರೆದಿದ್ದೀನಿ. ಹದಿನೈದರವರೆಗೂ ಇರುತ್ತೆ ಜ್ವರ, ಆಮೇಲೆ ನನ್ ಕೈಲಾಗಲ್ಲ” ಎಂದರು.

ಮಾವನಿಗೆ ನಿಮ್ಮ ಕಾಗದ ಓದಿ ಹೇಳಿದೆ. ಕೂಸು ಗುಂಡಿ ನುಂಗಿದಲ್ಲಿಗೆ ಬಂದಾಗ, “ಅದು ನಾನಾ?” ಎಂದರು. ಎದ್ದು ಹೋಗಿ ಬಾಗಿಲ ತೂತಿಗೆ ಕಿರುಬೆರಳು ಹಾಕಿ ನಿಂತರು, ತೆಗೆಯಲೇ ಇಲ್ಲ. “ನಾನೂ ಹೋಗ್ತಿದ್ನಾ ಮ್ಯಾಟಿನಿಗೆ?” ಎಂದು ಕೇಳಿದರು. ಆಮೇಲೆ, “ನೀನು ಹೋಗಮ್ಮ. ಅಕ್ಕ ಬರೋವರೆಗೆ ನಾನು ಇಲ್ಲಿ ಕೂತಿರ್ತೀನಿ” ಎಂದರು. ಕೂರಬೇಕಾಗಿಲ್ಲ ಮಾವ, ಎಳೆದುಕೊಂಡು ಹೋದರೆ ಸಾಕು ಎಂದು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಹಾಸಿಗೆ ತಂದು ಹಾಕಿಕೊಂಡಿದ್ದಾರೆ.

ಸಂಜೆ ಅಣ್ಣ ಬಂದು ಬೀಗ ತೆಗೆದಾಗ, ನಿಮ್ಮನ್ನು ನಮ್ಮ ಮನೆಗೆ ಕರೆದುಕೊಂಡು ಹೋಗುತ್ತೇನೆಂದು ನಾನು ಮಾತಾಡುತ್ತೇನೆ. ನಮ್ಮ ಬೀದಿಯಲ್ಲಿ ನೀವು ದಾರಿ ತಪ್ಪಿದರೆ ಯಾರಾದರೂ ಕೈ ಹಿಡಿದು ಮನೆ ಮುಟ್ಟಿಸುತ್ತಾರೆ ಎಂದು ಹೇಳುತ್ತೇನೆ. ಅವನು ಒಪ್ಪುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಅವನು ಅಳಬಹುದು, ಕೂಗಾಡಬಹುದು. ನಾನು ಇಲ್ಲಿಂದ ಏಳುವುದಿಲ್ಲ. ನೀವು ಬೇಕಾದ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿಕೊಳ್ಳಿ.

ಓದಿದ್ದರೆ ಏನಾದರೂ ಬರೆದು ಈಚೆ ತಳ್ಳಿ.

ಮರಿ


(ಅದೇ ಹಾಳೆಯ ಹಿಂಭಾಗದಲ್ಲಿ)

ಬಂದೆಯಾ.

ಬಾಗಿಲಿಗೆ ಕೈ ಇಟ್ಟುಕೊಂಡು ನಿಂತಿದ್ದೇನೆ, ನೀನೂ ಇಡು. ಬಡಿಯಬೇಡ, ಸುಮ್ಮನೆ ಇಡು.

ಚೀಲವನ್ನು ಈ ಬಾಗಿಲಿಗೆ ಬೀಗ ಬಿದ್ದ ದಿನವೇ ತುಂಬಿ ಇಟ್ಟಿದ್ದೇನೆ.